ಹೊರಗಿದ್ದವಳ ಎಂ.ಎ.

ಕಾಮಾಕ್ಷಿ ಎಂ.ಎ. ಓದಿದ್ದು ತಿಂಗಳಿಗೆ ಮೂರು ದಿನ. ಉಳಿದ ದಿನಗಳಲ್ಲಿ ಅವಳು ಫ್ರೇಜರ್‌ಪೇಟೆಯ ಪಕ್ಕದ ಒಂದು ಮನೆಯ ಸೊಸೆ: ಹಾಲು ಕರೆಯುವುದು, ಒಲೆ, ಗದ್ದೆಯ ಆಳುಗಳಿಗೆ ಊಟ. ಮುಟ್ಟಾದಾಗ ಮಾತ್ರ ಕೊಟ್ಟಿಗೆಯ ಮಗ್ಗುಲಿನ ಕೋಣೆಯಲ್ಲಿ ಕೂರಬೇಕಿತ್ತು. ಅಲ್ಲಿ ಅವಳನ್ನು ಯಾರೂ ಮುಟ್ಟುತ್ತಿರಲಿಲ್ಲ, ಕೆಲಸಕ್ಕೆ ಕರೆಯುತ್ತಲೂ ಇರಲಿಲ್ಲ. ವಿಷಯ, ಧರ್ಮಗಳ ತೌಲನಿಕ ಅಧ್ಯಯನ. ಹೆಂಗಸರು ಮನೆಯಲ್ಲೇ ಓದಿ ಪರೀಕ್ಷೆಗೆ ಕೂರಬಹುದೆಂದು ವಿಶ್ವವಿದ್ಯಾಲಯ ಒಪ್ಪಿತ್ತು. ಮನೆಯ ಯಾವ ಭಾಗದಲ್ಲಿ ಎಂದು ಅದು ಕೇಳಿರಲಿಲ್ಲ.

ಮೊದಲ ಸಲ ಅತ್ತೆ ಚಲುವಮ್ಮ ಬಾಗಿಲಾಚೆ ನಿಂತು ನೋಡಿದ್ದರು.

“ಹೊರಗಿದ್ದಾಗ ಪುಸ್ತಕ ಮುಟ್ಟಬಾರ್ದು ಕಣಮ್ಮ. ಸರಸ್ವತಿ.”

“ಇವು ಇಂಗ್ಲಿಷ್ ಪುಸ್ತಕ, ಅತ್ತೆ.”

ಚಲುವಮ್ಮ ಯೋಚಿಸಿದರು. “ಹಂಗಾದ್ರೆ ಸರಿ. ಒಳಕ್ಕೆ ಮಾತ್ರ ತರಬೇಡ.”

ಹಾಗಾಗಿ ಲೋಕದ ದೇವರೆಲ್ಲ ಹುಲ್ಲಿನ ಪಕ್ಕದ ಹಲಗೆಯ ಮೇಲೆ ಉಳಿದರು.

ಎರಡನೆಯ ವರ್ಷದ ಚಳಿಗಾಲದಲ್ಲಿ ಕಾಮಾಕ್ಷಿಗೆ ಮುಟ್ಟು ನಿಂತಿತು. ಆದರೂ ದಿನ ಬಂದಾಗ ಚಾಪೆ ಎತ್ತಿಕೊಂಡು ಹೊರಗಿನ ಕೋಣೆಗೆ ಹೋದಳು. ಮುಂದಿನ ತಿಂಗಳೂ ಹೋದಳು. ಪರೀಕ್ಷೆ ಏಪ್ರಿಲ್‌ನಲ್ಲಿ, ಮೈಸೂರಿನಲ್ಲಿ. ನಡುವೆ ಕಾವೇರಿ, ಈಚೆ ಕೊಡಗು ರಾಜ್ಯ, ಆಚೆ ಮೈಸೂರು ರಾಜ್ಯ. ಬಸುರಿ ಹೊಳೆ ದಾಟಬಾರದು. ಆ ಮನೆಯಲ್ಲಿ ಅದನ್ನು ಯಾರೂ ನಂಬಿಕೆ ಎಂದು ಕರೆಯುತ್ತಿರಲಿಲ್ಲ, ದಾಟುತ್ತಿರಲಿಲ್ಲ ಅಷ್ಟೆ. ಗಂಡ ಪುಟ್ಟಸ್ವಾಮಿ ಚೆಟ್ಟಳ್ಳಿಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಭಾನುವಾರ ಬಂದು, ತಾಯಿ ಹೇಳಿದ್ದಕ್ಕೆಲ್ಲ ಹೂಂ ಎಂದು ಹೋಗುತ್ತಿದ್ದ. ಈ ಸಲ ತಪ್ಪಿದರೆ, ಮಗುವಾದ ಮೇಲೆ ಯಾರೂ ಪರೀಕ್ಷೆಯ ಮಾತೆತ್ತುವುದಿಲ್ಲ, ತಾನೂ ಎತ್ತುವುದಿಲ್ಲ ಎಂದು ಕಾಮಾಕ್ಷಿಗೆ ಗೊತ್ತಿತ್ತು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ, ಹೊಸ್ತಿಲ ಮೇಲೆ ಇಡಬೇಕಾದ ತಟ್ಟೆಯನ್ನು ಚಲುವಮ್ಮ ಒಳಗೆ ತಂದು, ಚಾಪೆಯ ಮೇಲೆ ಕೂತು, ಸೊಸೆಯ ಕೈಗೇ ಕೊಟ್ಟರು.

“ಅತ್ತೆ, ಮುಟ್ಟಿಬಿಟ್ರಿ.”

“ಎಷ್ಟು ತಿಂಗಳು?”

“ಮೂರು.”

“ಹೊರಗಿರೋಳು ಬಟ್ಟೆ ಒಗೀಬೇಕಲ್ಲ. ಕಲ್ಲು ಒಣಗೇ ಐತೆ.” ಪುಸ್ತಕಗಳ ಕಡೆ ನೋಡಿದರು. “ಬಸುರಿ ಹೊಳೆ ದಾಟಬಾರ್ದು ಅಂತ ಅದ್ರಲ್ಲೂ ಬರ್ದವ್ರಾ?”

ಇಲ್ಲ ಎನ್ನಬಹುದಿತ್ತು. ಆದರೆ ಗ್ರಂಥದಲ್ಲಿ ಇರುವುದನ್ನು ಇಲ್ಲ ಎನ್ನಬಾರದೆಂಬುದನ್ನೇ ಅವಳು ಇಷ್ಟು ದಿನ ಕಲಿತಿದ್ದು.

“ಇದೆ, ಅತ್ತೆ. ಎಲ್ಲೋ ದೂರದ ದ್ವೀಪದವರೂ ದಾಟಲ್ವಂತೆ.”

“ಕಾವೇರೀನಾ?”

“ಅವರ ಹೊಳೇನ.”

“ನೋಡ್ದಾ? ಅವ್ರಿಗೂ ಗೊತ್ತು.”

ಎರಡು ವರ್ಷದ ತೌಲನಿಕ ಅಧ್ಯಯನದಿಂದ ಆ ಮನೆಗೆ ಆದ ಉಪಯೋಗ ಇದು. ಕಾಮಾಕ್ಷಿ ತಟ್ಟೆಯನ್ನು ಕೆಳಗಿಟ್ಟಳು.

ಚಲುವಮ್ಮ ಆ ತಟ್ಟೆಯನ್ನೇ ನೋಡುತ್ತಾ ಹೇಳಿದರು. “ಪುಟ್ಟಸ್ವಾಮಿ ಹೊಟ್ಟೇಲಿದ್ದಾಗ ನಮ್ಮವ್ವ ತೀರ್ಕಂಡ್ಲು, ಪಿರಿಯಾಪಟ್ಟಣದಲ್ಲಿ. ನಾನು ದಾಟಲಿಲ್ಲ. ಮಣ್ಣು ಮಾಡಾಯ್ತು ಅಂತ ಆಮೇಲೆ ಬಂದು ಹೇಳಿದ್ರು.” ತಟ್ಟೆಯನ್ನು ಮತ್ತೆ ಸೊಸೆಯ ಮುಂದೆ ಸರಿಸಿದರು. “ನೀನು ಹೊರಗಿದ್ದೀಯ. ಹೊರಗಿರೋಳು ಬಸುರಿ ಹೆಂಗಾಗ್ತಾಳೆ? ಪರೀಕ್ಷೆ ಮುಗಿಯೋಗಂಟ ಹೊರಗೇ ಇರು.”

ಎದ್ದು ಹೋಗಿ, ಮುಟ್ಟಾದವಳನ್ನು ಮುಟ್ಟಿದ ಯಾರೇ ಆದರೂ ಮಾಡಬೇಕಾದಂತೆ, ತಲೆಗೆ ನೀರು ಹಾಕಿಕೊಂಡರು.

ಏಪ್ರಿಲ್‌ನಲ್ಲಿ ಬಸ್ಸಿಗೆ ಕಾಯುವಾಗ ನೆರೆಮನೆಯ ಬೆಳ್ಳಮ್ಮ ಕಾಮಾಕ್ಷಿಯ ಪಕ್ಕ ಕೂರಲು ಬಂದಳು.

“ಮುಟ್ಬೇಡ ಬೆಳ್ಳಿ, ಹೊರಗವ್ಳೆ,” ಎಂದರು ಚಲುವಮ್ಮ.

ಬೆಳ್ಳಮ್ಮ ಹಿಂದೆ ಸರಿದಳು. “ದೇವ್ರ ವಿಷ್ಯದ ಪರೀಕ್ಷೆ ಅಂದ್ರಲ್ಲಕ್ಕ. ಹಿಂಗಿದ್ದಾಗ ಬರೀಬೌದಾ?”

“ದೇವ್ರು ಓದಲ್ಲ ಕಣೆ ಅದ್ನ. ಮೇಷ್ಟ್ರು ಓದೋದು.”

ಬಸ್ಸು ಸೇತುವೆಗೆ ಬಂದಾಗ ಕಾಮಾಕ್ಷಿಗೆ ಹೊಟ್ಟೆ ತೊಳೆಸಿತು. ಇಂಥ ನಿಷೇಧಗಳು ಹೇಗೆ ಹುಟ್ಟುತ್ತವೆ ಎಂಬುದರ ಬಗ್ಗೆ ಅವಳು ಹತ್ತು ಪುಟ ಬರೆಯಬಲ್ಲವಳಾಗಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ನೀರಿನ ಕಡೆ ತಿರುಗದೆ, ಹೊಳೆಗೆ ಅನುಮಾನ ಬಾರದ ಹಾಗೆ ನೆಟ್ಟಗೆ ಕೂತಳು. ಮೈಸೂರು ರಾಜ್ಯ ಬಂದ ಮೇಲೆ ಕಂಡಕ್ಟರನನ್ನು ಕರೆದು ಬಸ್ಸು ನಿಲ್ಲಿಸಲು ಹೇಳಿದಳು.