ಹಿಮ್ಮಡಿ ನೋವಿಗೆ ಪೈಪಿನ ಪಟ್ಟಿ

ಸಾದಲಿಯ ಲಕ್ಷ್ಮೀನರಸಮ್ಮನಿಗೆ ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಟ್ಟರೆ ಬಲ ಹಿಮ್ಮಡಿಗೆ ಮೊಳೆ ಹೊಡೆದಂತಾಗುತ್ತಿತ್ತು. ಗೋಡೆ ಹಿಡಿದು ಹತ್ತು ಹೆಜ್ಜೆ ಹಾಕಿದ ಮೇಲೆ ನೋವು ಕೊಂಚ ಸಡಿಲವಾಗಿ, ಹುಳುಮನೆಗೆ ಹೋಗಿ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವಷ್ಟಾಗುತ್ತಿತ್ತು. ಹೀಗೆ ಆರು ತಿಂಗಳು ನಡೆಯಿತು. ಗಂಡ ಪಾಪಯ್ಯನಿಗೆ ವಿಷಯ ಗೊತ್ತಾದದ್ದು, ಒಂದು ದಿನ ಕಾಫಿ ಅರ್ಧ ಗಂಟೆ ತಡವಾದಾಗ.

ಚಿಂತಾಮಣಿಯ ಡಾಕ್ಟರು ಪಾದ ಒತ್ತಿ ನೋಡಿದರು. “ಮಲಗಿದಾಗ ಪಾದ ಕೆಳಕ್ಕೆ ಬಾಗುತ್ತಮ್ಮ, ಅಡಿಭಾಗ ಬಿಗಿದುಕೊಳ್ಳುತ್ತೆ. ಪಾದಾನ ನೆಟ್ಟಗೆ ಹಿಡಿಯೋ ಪಟ್ಟಿ ಸಿಗುತ್ತೆ. ರಾತ್ರಿ ಕಟ್ಕೊಂಡು ಮಲಗಿ.”

ಕೆಳಗಿನ ಔಷಧಿ ಅಂಗಡಿಯಲ್ಲಿ ಅಂಥದೊಂದು ಪಟ್ಟಿ ನೇತಾಡುತ್ತಿತ್ತು. ಪಾಪಯ್ಯ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ನೀರು ಸರಬರಾಜು ವಿಭಾಗದಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದ ಅವನಿಗೆ, ಲೋಕದಲ್ಲಿರುವುದೆಲ್ಲ ಒಂದೋ ಪೈಪು, ಇಲ್ಲವೇ ಪೈಪಿನೊಳಗೆ ಹರಿಯುವಂಥದು.

“ಇದು ಪೈಪು ಕಣೇ. ನಾನೇ ಮಾಡ್ತೀನಿ ನಡಿ,” ಎಂದ.

ಮರುದಿನ ಅಂಗಳದಲ್ಲಿ ಕುರ್ಚಿ ಹಾಕಿ ಹೆಂಡತಿಯನ್ನು ಕೂರಿಸಿ, ಅವಳ ಕಾಲನ್ನು ಸ್ಟೂಲಿನ ಮೇಲಿಟ್ಟು ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿದ. ನಾಲ್ಕಿಂಚಿನ ಪ್ಲಾಸ್ಟಿಕ್ ಪೈಪನ್ನು ಉದ್ದಕ್ಕೆ ಸೀಳಿ, ಒಲೆಯ ಮೇಲೆ ಕಾಯಿಸಿ ಬಗ್ಗಿಸಿದ. ಒಳಗೆ ಹಳೇ ಸೀಟಿನ ಸ್ಪಂಜು ಅಂಟಿಸಿ, ಸ್ಕೂಲ್ ಬ್ಯಾಗಿನ ಪಟ್ಟಿ ಹೊಲಿದ. ಮೊದಲನೆಯದರೊಳಗೆ ಮೀನಖಂಡವೇ ಹಿಡಿಸಲಿಲ್ಲ. ಎರಡನೆಯದು ಪಾದವನ್ನು ನೆಟ್ಟಗೆ ಹಿಡಿಯುವ ಬದಲು ತುದಿಗಾಲಲ್ಲಿ ನಿಲ್ಲಿಸಿತು. ಮೂರನೆಯದು ಒಲೆಯ ಮೇಲೇ ಸೀದುಹೋಯಿತು.

ಹುಳುಗಳು ಆಗ ತಾನೇ ಮೂರನೇ ಜ್ವರ, ಅಂದರೆ ಮೇವು ಬಿಟ್ಟು ಮಲಗುವ ನಿದ್ದೆ, ಕಳೆದು ಪೊರೆ ಬಿಟ್ಟು ಎದ್ದಿದ್ದವು.

“ಹುಳ ಹಸ್ಕೊಂಡವೆ ಕಣ್ರೀ. ಸೊಪ್ಪು ಹಾಕಿ ಬರ್ತೀನಿ.”

“ಅಲ್ಲಾಡ್ಬೇಡ, ಅಳತೆ ತಪ್ಪುತ್ತೆ. ನಾನೇ ಹಾಕ್ತೀನಿ.”

ಹೀಗೆ ಹನ್ನೆರಡು ದಿನ ಪಾಪಯ್ಯನೇ ಸೊಪ್ಪು ಕೊಯ್ದ, ಹೊತ್ತ, ಹಾಕಿದ, ಕಸ ತೆಗೆದ. ಅಳತೆ ತಪ್ಪಬಾರದೆಂದು ಅನ್ನವನ್ನೂ ತಾನೇ ಬಸಿದ. ಹುಳು ಗೂಡು ಕಟ್ಟುವ ಹೊತ್ತಿಗೆ ಏಳನೇ ಪಟ್ಟಿ ಕಾಲಿಗೆ ಸರಿಯಾಗಿ ಕೂತಿತು. ಅದನ್ನು ಕಟ್ಟಿಕೊಂಡು ಮಲಗಿದ ಲಕ್ಷ್ಮೀನರಸಮ್ಮ ಬೆಳಿಗ್ಗೆ ಗೋಡೆ ಹಿಡಿಯದೆ ನಡೆದಳು.

ಪಾಪಯ್ಯ ನೇರ ಬಸ್‌ಸ್ಟ್ಯಾಂಡಿಗೆ ಹೋಗಿ ಕಂಡವರಿಗೆಲ್ಲ ಹೇಳಿದ. ಊರಿನ ನಿವೃತ್ತ ನೌಕರರ ಬಳಗ ಅವನಿಗೆ ಸನ್ಮಾನ ಗೊತ್ತುಮಾಡಿತು. ವರ್ಷದಲ್ಲಿ ಹದಿನಾಲ್ಕು ಸನ್ಮಾನ ಮಾಡುವ ಆ ಬಳಗದಲ್ಲಿ, ಸನ್ಮಾನವಾಗದೆ ಉಳಿದಿದ್ದವನು ಅವನೊಬ್ಬನೇ. ಮೇಜಿನ ಮೇಲೆ ಪಟ್ಟಿಯನ್ನಿಟ್ಟು ಅದಕ್ಕೂ ಹಾರ ಹಾಕಿದರು. ಬಳಗದ ಅಧ್ಯಕ್ಷ, ನಿವೃತ್ತ ಹೆಡ್‌ಮಾಸ್ಟರು ಮುನಿವೆಂಕಟಪ್ಪ ನಲವತ್ತು ನಿಮಿಷ ಮಾತಾಡಿ, ಇಂಥ ವಿಜ್ಞಾನಿಯ ಕೈಯಲ್ಲಿ ಸರ್ಕಾರ ನಲ್ಲಿ ತಿರುಗಿಸುವ ಕೆಲಸ ಮಾಡಿಸಿತಲ್ಲ ಎಂದು ಮರುಗಿದರು. ಕೊನೆಗೆ, “ಗುಣವಾದ ತಾಯಿ ಎರಡು ಮಾತಾಡ್ಬೇಕು,” ಎಂದರು.

ಲಕ್ಷ್ಮೀನರಸಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. “ನೋವು ಹೋಗಿರೋದು ನಿಜ. ಆದ್ರೆ ನಾಲ್ಕನೇ ಪಟ್ಟಿ ಹೊತ್ತಿಗೇ ಹೋಗಿತ್ತು. ಇವ್ರು ನನ್ನ ಕುರ್ಚಿಯಿಂದ ಏಳಕ್ಕೆ ಬಿಡ್ಲಿಲ್ಲ. ಸೊಪ್ಪು ಇವ್ರೇ ಹಾಕಿದ್ರು, ಅಡಿಗೇನೂ ಇವ್ರೇ ಮಾಡಿದ್ರು. ನೋವಿಲ್ಲ ಅಂದ್ರೆ ಪೈಪು ಬಿಟ್ಬಿಡ್ತಾರೆ ಅಂತ ಸುಮ್ನಿದ್ದೆ.”

ಗಂಡಸರೆಲ್ಲ ಮೈಕಿನಲ್ಲೇ ಏನೋ ಕೆಟ್ಟಿದೆ ಎಂಬಂತೆ ಅದನ್ನೇ ನೋಡಿದರು. ಮುಂದಿನ ಸಾಲಿನಲ್ಲಿದ್ದ ಅಧ್ಯಕ್ಷರ ಹೆಂಡತಿ ಚಿಕ್ಕವೆಂಕಟಮ್ಮ ಕೇಳಿದಳು: “ಪೈಪು ಎಷ್ಟುದ್ದ ಬೇಕಕ್ಕಾ?”

ಮುಂದಿನ ವಾರ ಸಾದಲಿಯ ಒಂಬತ್ತು ಹೆಂಗಸರಿಗೆ ಹಿಮ್ಮಡಿ ನೋವು ಬಂತು. ಪಾಪಯ್ಯನ ಕೈಲಾದದ್ದು ತಮ್ಮ ಕೈಲಾಗುವುದಿಲ್ಲವೇ ಎಂದು ಒಂಬತ್ತು ಗಂಡಂದಿರೂ ಪೈಪು ತಂದರು. ಮುನಿವೆಂಕಟಪ್ಪನವರದು ಐದನೇ ಪಟ್ಟಿಯೂ ಕೆಟ್ಟಿತು. ಆದರೆ ಅವರ ಸಾರು ಚೆನ್ನಾಗಿ ಕುದುರಿದೆ ಎಂದು ಚಿಕ್ಕವೆಂಕಟಮ್ಮ ಹೇಳಿಕೊಂಡು ತಿರುಗಿದಳು.

ಸನ್ಮಾನದ ಶಾಲನ್ನು ಪಾಪಯ್ಯ ಅಂದೇ ಮಡಚಿಟ್ಟಿದ್ದ. ಮೂರನೇ ದಿನ ಕೇಳಿದ: “ನಾಲ್ಕನೇದಕ್ಕೇ ಹೋಗಿದ್ರೆ, ಏಳನೇದು ಯಾಕೆ ಕಟ್ಕೊಂಡೆ?”

“ಅಷ್ಟು ಕಷ್ಟಪಟ್ಟು ಮಾಡಿದ್ರಲ್ಲ.”

 ಹೊಸ ಮೊಟ್ಟೆ ತಂದು ಮತ್ತೆ ಹುಳು ಸಾಕಲು ಶುರುಮಾಡಿದ ದಿನ ಪಾಪಯ್ಯ ಅಂಗಳಕ್ಕೆ ಕುರ್ಚಿ ತಂದಿಟ್ಟು, “ಎಡಗಾಲು ಹೆಂಗೈತೆ?” ಎಂದ.

ಎಡಗಾಲಿಗೆ ಏನೂ ಆಗಿರಲಿಲ್ಲ. ಲಕ್ಷ್ಮೀನರಸಮ್ಮ ಬಂದು ಕೂತು, ಕಾಲು ಚಾಚಿದಳು.