ರವಿವಾರದ ಡಾಕ್ಟರ್

ಕೊಂಢವಾ ಬಡಾವಣೆಯ ಆ ಧರ್ಮಾರ್ಥ ದವಾಖಾನೆಯ ಗೋಡೆಯ ಮೇಲೆ ಮೊಳದುದ್ದ ಅಕ್ಷರಗಳಲ್ಲಿ ಬರೆದಿತ್ತು: ರವಿವಾರವೂ ಡಾಕ್ಟರ್ ಇರುತ್ತಾರೆ. ಬರೆಯುವುದಕ್ಕೇನು, ಗೋಡೆ ಟ್ರಸ್ಟಿನದು, ಬಣ್ಣವೂ ಟ್ರಸ್ಟಿನದು! ಏಳು ವರ್ಷದಿಂದ ಅಲ್ಲಿ ಬಾಗಿಲು ಕಾಯುತ್ತಿದ್ದ ಈರಬಸಪ್ಪ ರವಿವಾರ ಡಾಕ್ಟರನ ಮುಖ ಕಂಡದ್ದು ಬೆರಳೆಣಿಕೆಯಷ್ಟು ಸಲ. ಸೋಮವಾರ ಬೆಳಿಗ್ಗೆ ಬಂದು ರವಿವಾರದ ಹಾಜರಿಗೆ ಸಹಿ ಹಾಕುವುದನ್ನು ಮಾತ್ರ ವಾರವಾರವೂ ಕಂಡಿದ್ದ.

೧೯೯೯ರ ಜೂನಿನಲ್ಲಿ ಸದಾಶಿವ ಪೇಠೆಯ ಟ್ರಸ್ಟ್ ಕಚೇರಿಯಿಂದ ಕಾಗದ ಬಂತು. ರಜಾ ದಿನದ ಸೇವೆ ಹೇಗೆ ನಡೆದಿದೆ, ಅದನ್ನು ಸುಧಾರಿಸುವುದು ಹೇಗೆ ಎಂದು ತಪಾಸಣೆ ಮಾಡುತ್ತಾರಂತೆ. ಯಾವ ದಿನ? ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ! ಈರಬಸಪ್ಪ ಹಣೆ ಹಣೆ ಬಡಿದುಕೊಂಡ. ಆದರೂ ಆಸೆ ಬಿಡಬೇಕಲ್ಲ. ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡಕ್ಕೆ ಹೋಗಿ, ಇಟ್ಟಿಗೆ ಹೊರುತ್ತಿದ್ದ ಅಂಬಾಬಾಯಿಯನ್ನು ಕೆಳಗೆ ಕರೆದ.

ಹೋದ ವರ್ಷ ಒಂದು ರವಿವಾರ ಮಧ್ಯಾಹ್ನ ಅವಳ ಸೊಸೆ ಶೀತಲಳಿಗೆ ಹೆರಿಗೆ ನೋವು ಎದ್ದು, ಗೋಡೆಯ ಅಕ್ಷರ ನಂಬಿ ಇಲ್ಲಿಗೇ ಕರೆತಂದಿದ್ದರು. ಡಾಕ್ಟರ್ ಇರಲಿಲ್ಲ. ಈರಬಸಪ್ಪನೇ ರಿಕ್ಷಾ ಹಿಡಿದು ಪೇಟೆಯ ದೊಡ್ಡ ಆಸ್ಪತ್ರೆಗೆ ಸಾಗಿಸಿದ್ದ. ಶೀತಲ ಉಳಿದಳು, ಕೂಸು ಉಳಿಯಲಿಲ್ಲ. ಈಗ ಅವಳಿಗೆ ಮತ್ತೆ ಒಂಬತ್ತು ತಿಂಗಳು ನಡೆದಿತ್ತು.

“ಬಂದು ಇದ್ದದ್ದು ಇದ್ದಂಗ ಹೇಳು ತಂಗಿ. ದೊಡ್ಡ ಸಾಹೇಬ್ರು ಬರಾಕತ್ಯಾರ. ನೀ ಹೇಳಿದ್ರ ಈ ಸಲಕ್ಕರೆ ರವಿವಾರ ಡಾಕ್ಟರ್ ಬಂದು ಕುಂಡ್ರತಾನ.”

“ಮುಕಾದಮ ಕೆಲಸ ಬಿಟ್ಟು ಬರಾಕ ಬಿಡಂಗಿಲ್ಲಣ್ಣಾ.”

“ಅವಗ ನಾ ಹೇಳ್ತೀನಿ. ಸೊಸಿ ಮಾರಿ ನೋಡಿಯರೆ ಬಾ.”

ಮಂಗಳವಾರ ಬಂದಳು. ತಪಾಸಣೆಗೆ ಬಂದವರು ಟ್ರಸ್ಟಿನ ಕಾರ್ಯದರ್ಶಿ ರಾಘಣ್ಣ ಸಾಹೇಬರು. ಮೂಲ ವಿಜಾಪುರದವರಾದ್ದರಿಂದ ಕನ್ನಡ ಬಲ್ಲವರು. ಗುಮಾಸ್ತ ಮಾಂತು ತಕರಾರು ಪುಸ್ತಕ ತಂದು ಮುಂದಿಟ್ಟ. ಸಾಹೇಬರು ಪುಟ ತಿರುವಿದರು. ರವಿವಾರದ ತಕರಾರು ಒಂದೂ ಇಲ್ಲ! “ಭಾಳ ಛಲೋ” ಎಂದರು. ಇರುವುದಾದರೂ ಹೇಗೆ? ಪುಸ್ತಕ ಇರುವುದು ಮಾಂತುವಿನ ಕಪಾಟಿನಲ್ಲಿ. ಮಾಂತು ಶನಿವಾರ ಸಂಜೆ ಕಪಾಟಿಗೆ ಬೀಗ ಜಡಿದು ಸಾಸವಡದ ಅತ್ತೆಮನೆಗೆ ಹೋದರೆ ಬರುವುದು ಸೋಮವಾರ. ಈರಬಸಪ್ಪ ಅಂಬಾಬಾಯಿಯನ್ನು ಮುಂದೆ ತಂದು ನಿಲ್ಲಿಸಿ, ಹೋದ ವರ್ಷ ರವಿವಾರ ಬಂದು ಹಿಂದೆ ಹೋದವಳು ಎಂದ. ಇಸ್ತ್ರಿ ಅಂಗಿ ಹಾಕಿಕೊಂಡ ಡಾಕ್ಟರ್, ಕಾರ್ಯದರ್ಶಿ ಸಾಹೇಬರ ಮಗ್ಗುಲಲ್ಲೇ ಕೂತು ಚಹಾ ಕುಡಿಯುತ್ತಿದ್ದ.

“ರವಿವಾರ ಬಂದಿದ್ದಿಯಂತಲ್ಲವ್ವಾ, ನಿನ್ನ ಯಾರು ಹಿಂದಕ ಕಳಿಸಿದ್ರು?” ಸಾಹೇಬರು ಕೇಳಿದರು.

ಅಂಬಾಬಾಯಿ ಈರಬಸಪ್ಪನ ಕಡೆ ನೋಡಿದಳು. ಆ ದಿನ ಅವಳು ಡಾಕ್ಟರನನ್ನು ನೋಡೇ ಇಲ್ಲ. ನೋಡಿದ್ದು ಒಂದೇ ಮುಖ, ಈರಬಸಪ್ಪನದು. ಹೇಳಿದರೆ ಅವನ ಹೆಸರೇ ಹೇಳಬೇಕು. ಅಣ್ಣಾ ಎಂದು ಕರೆದ ಬಾಯಿಂದ ಅವನ ಅನ್ನಕ್ಕೆ ಮಣ್ಣು ಹಾಕುವುದೇ?

“ಯಾರೂ ಕಳಿಸಿಲ್ರಿ. ನಮಗ ಕಾಯಾಕ ದಮ್ ತಡಿಲಿಲ್ಲ, ನಾವ ಹೋದಿವ್ರಿ. ಎಲ್ಲಾ ಛಲೋ ಅದ್ರಿ.”

ಈರಬಸಪ್ಪನಿಗೆ ಸಿಟ್ಟು ನೆತ್ತಿಗೇರಿತು. ಅಯ್ಯ ಹುಚ್ಚಿ, ನನ್ನನ್ನು ಉಳಿಸು ಎಂದು ಯಾರು ಕೇಳಿದರೇ ನಿನ್ನ!

“ಸುಳ್ರಿ ಸಾಹೇಬ್ರ! ನಾ ಕಳಿಸೀನಿ. ಒಳಗ ಡಾಕ್ಟರ್ ಇರಲಿಲ್ಲ, ಅದಕ್ಕ ಕಳಿಸೀನಿ!”

ಡಾಕ್ಟರ್ ಚಹಾ ಕಪ್ಪು ಕೆಳಗಿಟ್ಟ. ಹಾಜರಿ ಪುಸ್ತಕವನ್ನು ಮೆಲ್ಲಗೆ ಮುಂದಕ್ಕೆ ಸರಿಸಿದ. ಆ ರವಿವಾರದ ಸಹಿ ದುಂಡಗೆ ಕೂತಿತ್ತು.

“ಡಾಕ್ಟರ್ ಇದ್ದಾಗ ಬಾಗಲದಾಗಿಂದನ ಕಳಸಾಕ ನೀ ಯಾವ ಊರ ದೊರಿಯೋ?” ಸಾಹೇಬರು ಗದರಿದರು.

“ಸೋಮವಾರ ಹಾಕಿದ ಸಹಿರಿ ಅದು!”

“ಸೋಮವಾರ ಹಾಕಿದ್ದು ಅಂತ ಎಲ್ಲಿ ಬರದದ, ತೋರಿಸು.”

ಎಲ್ಲಿಯೂ ಬರೆದಿರಲಿಲ್ಲ. “ನಮ್ಮಣ್ಣಂದು ತಪ್ಪಿಲ್ರಿ” ಎಂದು ಅಂಬಾಬಾಯಿ ಕೂಗಿದಳು. ಈಗಷ್ಟೇ ಎಲ್ಲಾ ಛಲೋ ಅಂದವಳ ಮಾತು ಯಾರು ಕೇಳುತ್ತಾರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸಾಹೇಬರು ಅಲ್ಲೇ ವರದಿ ಬರೆಸಿದರು: ಡಾಕ್ಟರರ ಹಾಜರಿ ತೃಪ್ತಿಕರ. ರೋಗಿಗಳನ್ನು ಹಿಂದೆ ಕಳಿಸುವ ಕಾವಲುಗಾರನನ್ನು ಇಂದೇ ತೆಗೆಯುವುದು. ಬೇರೆಯವನನ್ನು ನೇಮಿಸಿ, ಬಂದ ಯಾರನ್ನೂ ಹಿಂದೆ ಕಳಿಸಬಾರದೆಂದು ತಾಕೀತು ಮಾಡುವುದು. ಮುಗಿಯಿತು ಸುಧಾರಣೆ. ಊಟದ ಹೊತ್ತಿಗೆ ಅವರು ಪೇಠೆ ಸೇರಿಕೊಂಡರು.

ಈರಬಸಪ್ಪ ಖಾಕಿ ಅಂಗಿ ಬಿಚ್ಚಿ ಮಾಂತುವಿನ ಮೇಜಿನ ಮೇಲೆ ಎಸೆದು, ಬನಿಯನ್ನಿನಲ್ಲೇ ಹೊರಬಂದ. ಗೇಟಿನ ಹತ್ತಿರ ಅಂಬಾಬಾಯಿ ಕೂತಿದ್ದಳು.

“ನಾ ಹೇಳಲಿಲ್ಲಲ್ಲಣ್ಣಾ, ನೀ ಯಾಕ ಹೇಳಿದಿ?”

“ನಿನ್ನ ಸೊಸಿ ಸಲುವಾಗಿ ಹೇಳಿದೆ. ನನ್ನ ಕೆಲಸ ಹಾಳಾಗಿ ಹೋಗಲಿ ಬಿಡು. ಇನ್ನೊಂದು ಸಿಗ್ತದ.”

“ಕೆಲಸದ್ದಲ್ಲಣ್ಣಾ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಡಾಕ್ಟರ್ ಇಲ್ಲ, ಲಗೂನ ಬ್ಯಾರೆ ಕಡಿ ಹೋಗ್ರಿ ಅಂತ ನೀ ಖರೆ ಹೇಳಿದಿ, ಶೀತಲ ಉಳದ್ಳು. ಹೊಸಬ ಹಂಗ ಹೇಳತಾನೇನು? ನೌಕರಿ ಅಂಜಿಕಿಗೆ, ‘ಕುಂಡ್ರವ್ವ, ಡಾಕ್ಟರ್ ಈಗ ಬರ್ತಾರ’ ಅಂತಾನ. ನಾವು ಕುಂಡ್ರತೀವಿ.”