ಕ್ಯಾಮೆರಾಕ್ಕೆ ಹಚ್ಚಿದ ತೆಂಗಿನೆಣ್ಣೆ

ಮೂಡುಬಿದಿರೆಯಲ್ಲಿ ನಿತ್ಯಾನಂದನ ಸ್ಟುಡಿಯೋ ಎಂದರೆ ಅವನ ಮನೆಯ ಮುಂದಿನ ಕೋಣೆ. ಇದ್ದದ್ದು ಒಂದೇ ಕ್ಯಾಮೆರಾ. ಪಟ ತೆಗೆಯುವವನು ಅವನಾದರೂ, ವಾರಕ್ಕೊಮ್ಮೆ ಅದನ್ನು ಬಿಚ್ಚಿ ಒರೆಸಿ, ತೇವ ತಾಗದಂತೆ ಹುರಿದ ಅಕ್ಕಿಯ ಗಂಟಿನ ಜೊತೆ ಡಬ್ಬಿಯಲ್ಲಿ ಇಡುವವಳು ಹೆಂಡತಿ ಪ್ರೇಮಾವತಿ. ಅರವತ್ತೊಂದನೆಯ ಇಸವಿಯಲ್ಲಿ, ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ಅವಳು ಬಂಟ್ವಾಳದ ತವರಿಗೆ ಹೋಗಿ ಬರುವಷ್ಟರಲ್ಲಿ ಕ್ಯಾಮೆರಾದ ಚರ್ಮಕ್ಕೆ ಬೂಷ್ಟು ಹಿಡಿದಿತ್ತು. ಅತ್ತೆ ಅಮ್ಮಣ್ಣಿಗೆ ನೋಡಿ ತಡೆಯಲಾಗಲಿಲ್ಲ. ತೆಂಗಿನೆಣ್ಣೆ ತಿಕ್ಕಿ, ಒಲೆಯ ಪಕ್ಕ ಬೆಚ್ಚಗೆ ಇಟ್ಟರು.

ಸೊಸೆ ಮರಳಿದ ಮಾರನೆಯ ಬೆಳಿಗ್ಗೆ ಪುತ್ತಿಗೆಯಿಂದ ಅಬೂಬಕ್ಕರ್ ಸೈಕಲ್ಲಿನಲ್ಲಿ ಬಂದ.

"ನಿತ್ಯಣ್ಣ, ಉಮ್ಮನದ್ದೊಂದು ಫೋಟೋ ಆಗಬೇಕು. ಇವತ್ತೋ ನಾಳೆಯೋ ಅಂದಿದ್ದಾರೆ ಡಾಕ್ಟ್ರು. ಕೊಲಂಬೊದಿಂದ ತಮ್ಮ ಬರುವಾಗ ತಡ ಆಗ್ತದೆ. ಅವನಿಗೆ ಮುಖವಾದರೂ ಕಳುಹಿಸುವ ಅಂತ."

ನಿತ್ಯಾನಂದ ಕ್ಯಾಮೆರಾ ತೆಗೆದು ಗುಂಡಿ ಒತ್ತಿದ. ತೆರೆದ ಶಟರ್ ಮುಚ್ಚಲಿಲ್ಲ. ಎಣ್ಣೆ ಬಿಸಿಗೆ ಒಳಗಿಳಿದು ತೆಳು ತಗಡುಗಳನ್ನು ಅಂಟಿಸಿತ್ತು. ಲೆನ್ಸಿನ ಮುಚ್ಚಳ ತೆಗೆದು ಕೂಡಲೇ ಮುಚ್ಚಿಯೂ ಪಟ ಹಿಡಿಯಬಹುದು, ಆದರೆ ಕಾಯಿಲೆಯಲ್ಲಿ ನಡುಗುವ ಮುಖ ಅದರಲ್ಲಿ ನಿಲ್ಲುವುದಿಲ್ಲ.

"ಇದಕ್ಕೆ ಎಣ್ಣೆ ಹಾಕಿದ್ದು ಯಾರು?"

ಅಮ್ಮಣ್ಣಿ ಬಾಗಿಲ ದಾರಂದ ಹಿಡಿದುಕೊಂಡರು. "ನಾನು ಮಗಾ. ಮಕ್ಕಳ ನೆತ್ತಿಗೆ ಹಾಕುವ ಎಣ್ಣೆಯೇ ಅಲ್ವಾ..."

ನಿತ್ಯಾನಂದ ಬಾಯಿ ತೆರೆಯುವ ಮೊದಲೇ ಅಬೂಬಕ್ಕರ್ ಹೇಳಿದ: "ನಮ್ಮ ಉಮ್ಮನೂ ಹಾಗೆಯೇ ಅಮ್ಮಾ. ಒಮ್ಮೆ ನನ್ನ ಸೈಕಲ್ ಸೀಟಿಗೆ ಹಚ್ಚಿದ್ದರು. ಒಂದು ವಾರ ನಾನುಟ್ಟ ಯಾವ ಮುಂಡೂ ಎಣ್ಣೆ ಕಲೆಯಿಲ್ಲದೆ ಉಳಿಯಲಿಲ್ಲ."

ಪ್ರೇಮಾವತಿ ಚಾಪೆಯ ಮೇಲೆ ಬಿಳಿ ಬಟ್ಟೆ ಹಾಸಿ ಕುಳಿತಳು. ಲೆನ್ಸ್ ತಿರುಗಿಸಿ ತೆಗೆದು, ಕಡ್ಡಿಯ ತುದಿಗೆ ಹತ್ತಿ ಸುತ್ತಿ ಪೆಟ್ರೋಲಿನಲ್ಲಿ ಅದ್ದಿ ತಗಡುಗಳನ್ನು ಒರೆಸಿದಳು. ಗುಂಡಿ ಒತ್ತಿದರೆ ಅರ್ಧಕ್ಕೆ ನಿಂತಿತು. ಮತ್ತೆ ಒರೆಸಿದಳು. ಅತ್ತೆ ತಮ್ಮ ಹಳೆಯ ತೆಳು ಮಲ್ಲಿನ ಸೀರೆ ಹರಿದು ಚೂರು ಮಾಡಿ ಕೊಡುತ್ತ ಹೋದರು. ತಾಯಿಯ ಉಸಿರು ಎಣಿಸುತ್ತ ಬಂದವನು ಅಬೂಬಕ್ಕರ್. ಆದರೂ ಅವಳ ಕೈಗೆ ನೆರಳು ಬೀಳದಂತೆ ಕಿಟಕಿಯಿಂದ ಸರಿದು ನಿಂತ. ಬೇಗ ಎನ್ನಲಿಲ್ಲ.

ಒಂದು ಗಂಟೆ ಕಳೆದ ಮೇಲೆ ಶಟರ್ ಟಕ್ ಎಂದು ಮುಚ್ಚಿತು.

"ಸಾಕು, ಹೊರಡುವ," ಎಂದ ನಿತ್ಯಾನಂದ.

"ಅಲ್ಲಿ ಹೋದ ಮೇಲೆ ಮತ್ತೆ ಅಂಟಿಕೊಂಡರೆ? ಇನ್ನೊಮ್ಮೆ ಒರೆಸ್ತೇನೆ."

ಗಂಡಸರಿಬ್ಬರೂ ಪುತ್ತಿಗೆಗೆ ಹೋದ ಮೇಲೆ ಅಮ್ಮಣ್ಣಿ ಊಟಕ್ಕೆ ಏಳಲಿಲ್ಲ. ಪ್ರೇಮಾವತಿ ಒತ್ತಾಯ ಮಾಡಲಿಲ್ಲ, ತಾನೂ ಬಡಿಸಿಕೊಳ್ಳಲಿಲ್ಲ.

ಸಂಜೆ ಗಂಡ ಬಂದು ಫಿಲ್ಮ್ ತೊಳೆದ. ತೆಗೆದ ಮೂರು ಪಟಗಳಲ್ಲಿ ಎರಡು, ಶಟರ್ ತಡವಾಗಿ ಮುಚ್ಚಿ, ಕಪ್ಪಾಗಿ ಹೋಗಿದ್ದವು. ಮೂರನೆಯದನ್ನು ಪ್ರೇಮಾವತಿ ದೀಪಕ್ಕೆ ಹಿಡಿದು ತುಂಬ ಹೊತ್ತು ನೋಡಿದಳು.

"ಕಣ್ಣು ತೆರೆದಿದ್ದಾರಾ?" ಅತ್ತೆ ಕೇಳಿದರು.

"ತೆರೆದಿದ್ದಾರೆ ಅತ್ತೆ."

ಮೂರನೆಯ ದಿನ, ತಾಯಿಯನ್ನು ಮಣ್ಣು ಮಾಡಿದ ಮೇಲೆ ಅಬೂಬಕ್ಕರ್ ಬಂದ. ಪಟವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಆಮೇಲೆ ಒಳಬಾಗಿಲ ತನಕ ಹೋಗಿ ಅದನ್ನು ಅಮ್ಮಣ್ಣಿಯ ಕೈಗೆ ಕೊಟ್ಟ.

"ನೋಡಿ ಅಮ್ಮಾ. ತಮ್ಮನಿಗೆ ಉಮ್ಮ ಸಿಕ್ಕಿದರು."